ಉಪ್ಸಾರು, ಅಂಬಲಿ ಮತ್ತು ಅಪ್ಪನ ಬೆಲ್ಲ

ನಮ್ಮೂರು ಮಂಡ್ಯ ಕಡೆ ಅಂದ ತಕ್ಷಣ ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಬರೋ ಮೊದಲ ಮಾತು "ಓಹ್, ಸಕ್ಕರೆ ನಾಡು!" ಎರಡನೇ ಮಾತು ನಮ್ಮ ಭಾಷೆಯ ಬಗ್ಗೆ ಇರುತ್ತೆ, ಅದನ್ನ ಇಲ್ಲಿ ಬರೆಯೋದು ಬೇಡ :) ಈ ಸಕ್ಕರೆ ಬರೀ ನಾಡಿನಲ್ಲಲ್ಲ, ನನ್ನ ರಕ್ತದಲ್ಲೂ ಬೇಕಾದ್ದಕ್ಕಿಂತ ಜಾಸ್ತಿ ಇದೆ ಅಂತ ಗೊತ್ತಾಗಿದ್ದು 2023ರ ಅಕ್ಟೋಬರಿನಲ್ಲಿ. ಆಗ ನನಗೆ 27.

ಕಂಪನಿಯವರು ವರ್ಷಕ್ಕೊಂದು ಸಲ ಎಲ್ಲರಿಗೂ ಪುಕ್ಕಟೆ ಹೆಲ್ತ್ ಚೆಕಪ್ ಮಾಡಿಸ್ತಾರೆ. ಹಿಂದಿನ ಎರಡು ವರ್ಷ ನಾನು ಹೋಗಿರಲೇ ಇಲ್ಲ. ಆ ವರ್ಷ ಹೋಗಿದ್ದೂ ಆರೋಗ್ಯದ ಕಾಳಜಿಯಿಂದಲ್ಲ, ಆವತ್ತು ಬೆಳಗಿನ ಮೀಟಿಂಗ್ ತಪ್ಪಿಸಿಕೊಳ್ಳಬಹುದು ಅಂತ. ಮೂರು ದಿನ ಆದಮೇಲೆ ರಿಪೋರ್ಟ್ ಬಂತು. ಎಚ್‌ಬಿಎ1ಸಿ 6.2 ಅಂತ ಕೆಂಪು ಅಕ್ಷರದಲ್ಲಿತ್ತು. ನಮ್ಮ ರಕ್ತದ ಕೆಂಪು ಕಣಗಳಿಗೆ ಎಷ್ಟು ಸಕ್ಕರೆ ಅಂಟಿಕೊಂಡಿದೆ ಅನ್ನೋದರ ಲೆಕ್ಕ ಅದು. ಆ ಕಣಗಳ ಆಯಸ್ಸು ಸುಮಾರು 120 ದಿನ, ಹಾಗಾಗಿ ಕಳೆದ ಎರಡು ಮೂರು ತಿಂಗಳ ಸರಾಸರಿ ಸಿಗುತ್ತೆ. ಹಿಂದಿನ ರಾತ್ರಿ ಉಪವಾಸ ಮಾಡಿ ಮೋಸ ಮಾಡೋಕೆ ಆಗಲ್ಲ, ಸರ್ವರ್ ಲಾಗ್ ಇದ್ದಂತೆ. 5.7ರ ಕೆಳಗಿದ್ದರೆ ಸರಿ, 6.5 ದಾಟಿದರೆ ಡಯಾಬಿಟಿಸ್, ನಡುವೆ ಇದ್ದರೆ ಪ್ರೀಡಯಾಬಿಟಿಸ್. ಅಂದರೆ ನಾನು ಸಕ್ಕರೆ ಕಾಯಿಲೆಯ ಬೀಟಾ ವರ್ಷನ್. ಫ್ರೆಂಡ್ಸ್ ಮುಂದೆ ಈ ಜೋಕ್ ಹೇಳಿ ನಗಿಸಿದೆ. ರಾತ್ರಿ ರೂಮಿಗೆ ಬಂದಮೇಲೆ ನಗು ಬರಲಿಲ್ಲ, ಯಾಕಂದ್ರೆ ಅಪ್ಪನಿಗೆ ಆಗಲೇ ಒಂಬತ್ತು ವರ್ಷದಿಂದ ಶುಗರ್ ಇತ್ತು.

ಹೊಟ್ಟೆಯ ಕತೆ ಬೇರೆಯೇ ಇತ್ತು. ಎರಡು ವರ್ಷದಿಂದ ಎದ್ದ ತಕ್ಷಣ ಖಾಲಿ ಹೊಟ್ಟೆಗೆ ಗ್ಯಾಸಿನ ಮಾತ್ರೆ ನುಂಗೋದು ಹಲ್ಲುಜ್ಜಿದಷ್ಟೇ ಅಭ್ಯಾಸ ಆಗಿತ್ತು. ನಮ್ಮ ಟೀಮಿನಲ್ಲಿ ಯಾರ ಬ್ಯಾಗ್ ತೆಗೆದರೂ ಆ ಮಾತ್ರೆ ಸಿಗುತ್ತೆ, ಚಾರ್ಜರ್ ಬೇಕಾದ್ರೆ ಸಿಗದೆ ಇರಬಹುದು. ಊಟ ಆದ ಅರ್ಧ ಗಂಟೆಗೆ ಹೊಟ್ಟೆ ಉಬ್ಬರ, ಬೆಳಗ್ಗೆ ಬಾತ್‌ರೂಮಿನಲ್ಲಿ ಇಪ್ಪತ್ತು ನಿಮಿಷ ಮೊಬೈಲ್ ನೋಡಿಕೊಂಡು ಕೂತರೂ ಪ್ರಯೋಜನ ಇಲ್ಲ. ಇದನ್ನೆಲ್ಲ ಬರೀಬೇಕಾ ಅಂತ ಒಂದು ಕ್ಷಣ ಅನ್ನಿಸ್ತು. ಬರೀತೀನಿ, ನಿಮ್ಮಲ್ಲಿ ಅರ್ಧ ಜನರದ್ದೂ ಇದೇ ಪಾಡು ಅಂತ ನನಗೆ ಗೊತ್ತು.

ಡಾಕ್ಟರ್ ಒಂದೊಂದಾಗಿ ಕೇಳಿದರು. ಬೆಳಗ್ಗೆ? ಪಿಜಿಯ ಚಿತ್ರಾನ್ನ ಇಲ್ಲ ಪಲಾವು. ಮಧ್ಯಾಹ್ನ? ಕ್ಯಾಂಟೀನಿನ ಅನ್ನ ಸಾಂಬಾರು. ಸಂಜೆ? ಬೇಕರಿ. ರಾತ್ರಿ? ಮೊಬೈಲಿನಲ್ಲಿ ಆರ್ಡರ್ ಮಾಡಿದ್ದು. ತರಕಾರಿ ಎಷ್ಟು ತಿಂತೀರಿ ಅಂದರು. ಪಲಾವಿನಲ್ಲಿರೋ ಬಟಾಣಿ ನೆನಪಾಯ್ತು, ಹೇಳೋಕೆ ನಾಚಿಕೆ ಆಯ್ತು. ಹಾಲು ಕುಡಿದ ದಿನ ಹೊಟ್ಟೆ ಗುಡುಗುತ್ತೆ ಅಂದದ್ದಕ್ಕೆ ಕೆಲವು ವಾರ ಹಾಲು ಬಿಟ್ಟು ನೋಡಿ ಅಂದರು. ಮಾತ್ರೆ ಬರೀಲಿಲ್ಲ. ಸೊಪ್ಪು, ಕಾಳು, ತರಕಾರಿ ಜಾಸ್ತಿ ಮಾಡಿ, ಸಕ್ಕರೆ ಬಿಡಿ, ದಿನಾ ನಡೀರಿ, ಮೂರು ನಾಲ್ಕು ತಿಂಗಳು ಬಿಟ್ಟು ಮತ್ತೆ ಟೆಸ್ಟ್ ಮಾಡಿಸಿ. ಇಷ್ಟೇ. ನನಗೆ ಕೊಟ್ಟ ದುಡ್ಡಿಗೆ ಮೋಸ ಆಯ್ತು ಅನ್ನಿಸಿತು.

ಅವತ್ತೇ ಒಂದು ಎಕ್ಸೆಲ್ ಶೀಟ್ ತೆಗೆದು ಸಕ್ಕರೆ ಲೆಕ್ಕ ಹಾಕೋಕೆ ಶುರು ಮಾಡಿದೆ (ಇಂಜಿನಿಯರ್ ಅಲ್ವಾ, ಮೊದಲು ಶೀಟ್, ಆಮೇಲೆ ಬದುಕು). ದಿನಕ್ಕೆ ಐದು ಟೀ, ಒಂದೊಂದಕ್ಕೆ ಎರಡು ಚಮಚ, ಚಮಚಕ್ಕೆ ಸುಮಾರು 4 ಗ್ರಾಂ ಅಂದರೂ 40 ಗ್ರಾಂ. ಸಂಜೆ 300 ಎಂಎಲ್ ತಂಪು ಪಾನೀಯ ಕುಡಿದರೆ ಮತ್ತೆ 30 ಗ್ರಾಂಗೂ ಮೇಲೆ. ಬೇಕರಿಯ ಬನ್ನು, ಬಿಸ್ಕತ್ತು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು ಏನಂದ್ರೆ, ದಿನದ ಶಕ್ತಿಯಲ್ಲಿ ಹೀಗೆ ಮೇಲಿಂದ ಸೇರಿಸಿದ ಸಕ್ಕರೆಯ ಪಾಲು ನೂರಕ್ಕೆ 10ಕ್ಕಿಂತ ಕಡಿಮೆ ಇರಬೇಕು, 5ಕ್ಕಿಂತ ಕಡಿಮೆ ಇದ್ದರೆ ಇನ್ನೂ ಒಳ್ಳೇದು. 2000 ಕ್ಯಾಲೊರಿ ತಿನ್ನೋನಿಗೆ ಅದು 50 ಗ್ರಾಂ ಮತ್ತು 25 ಗ್ರಾಂ. ನನ್ನ ಶೀಟಿನಲ್ಲಿ ಒಂದು ದಿನವೂ 80ರ ಕೆಳಗೆ ಇಳಿದಿರಲಿಲ್ಲ.

ಆಮೇಲೆ ಎಲ್ಲರೂ ಮಾಡೋದನ್ನೇ ನಾನೂ ಮಾಡಿದೆ. ವಿಡಿಯೋ ನೋಡಿದೆ. ಹೊಟ್ಟೆಯ ಒಳ್ಳೆ ಬ್ಯಾಕ್ಟೀರಿಯಾ ಬೆಳೆಸೋಕೆ ಚಿಯಾ, ಕಿನ್ವಾ, ಕೊಂಬುಚಾ, ಬಾದಾಮಿ ಹಾಲು.. ಒಂದು ಬಾಟಲಿ ಕೊಂಬುಚಾ ತಂದೆ, ಅದರ ಬೆಲೆಗೆ ನಮ್ಮೂರಲ್ಲಿ ವಾರದ ತರಕಾರಿ ಬರುತ್ತೆ. ಒಂದು ಗುಟುಕು ಕುಡಿದವನಿಗೆ ತಟ್ಟನೆ ಅಜ್ಜಿ ಮನೆಯ ಹುಳಿ ಅಂಬಲಿ ನೆನಪಾಯ್ತು. ಅದೇ ಹುಳಿ ವಾಸನೆ, ಅದೇ ಸಣ್ಣ ನೊರೆ. ಅಲ್ಲಿಂದ ಶುರುವಾಗಿದ್ದು ಇದೆಲ್ಲ.

ಅಜ್ಜಿ ಅಂದ್ರೆ ಅವ್ವನ ಅವ್ವ, ನಾಗಮಂಗಲ ಕಡೆಯ ಬೆದ್ದಲು ಸೀಮೆಯವರು. ನಮ್ಮೂರು ನಾಲೆ ಬಯಲು. ಎರಡೂ ಮಂಡ್ಯ ಜಿಲ್ಲೆಯೇ ಆದರೂ ತಟ್ಟೆ ಬೇರೆ. ಕನ್ನಂಬಾಡಿ ಕಟ್ಟೆ ಆಗಿ, ಮೊದಲು ಇರ್ವಿನ್ ನಾಲೆ ಅಂತಿದ್ದ ಈಗಿನ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಬರೋಕೆ ಮುಂಚೆ ನಮ್ಮ ಕಡೆಯೂ ರಾಗಿ, ಹುರುಳಿ, ಅವರೆಯೇ ಇದ್ದಿದ್ದಂತೆ. ನೀರು ಬಂತು, 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾಯ್ತು, ಬಯಲೆಲ್ಲ ಭತ್ತ ಮತ್ತು ಕಬ್ಬು ಆಯ್ತು. ಆ ನೀರಿನಿಂದಲೇ ನಮ್ಮ ತಾತ ಮನೆ ಕಟ್ಟಿಸಿದ್ದು, ಅಪ್ಪ ನನ್ನ ಇಂಜಿನಿಯರಿಂಗ್ ಫೀಸ್ ಕಟ್ಟಿದ್ದು. ಹಾಗಾಗಿ ನಾನು ಕಬ್ಬನ್ನ ಬೈಯೋ ಹಾಗಿಲ್ಲ. ಆದರೆ ಅನ್ನ ದಿನಾ ಆಗಿದ್ದೂ, ಮನೆಯಲ್ಲಿ ಬೆಲ್ಲದ ಡಬ್ಬಕ್ಕೆ ಮುಚ್ಚಳ ಹಾಕೋದು ನಿಂತಿದ್ದೂ ಆಮೇಲೆಯೇ. ನಾಲೆ ಹತ್ತದ ಅಜ್ಜಿಯ ಊರಿನಲ್ಲಿ ಹಳೇ ಊಟ ಹಾಗೇ ಉಳೀತು.

ಅಂದಹಾಗೆ ರಾಗಿಯೂ ಮಂಡ್ಯದ್ದೇ ಕತೆ. ವಿ.ಸಿ. ಫಾರಂನಲ್ಲಿ ಕೂತು ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ನಂಟು ಬೆಳೆಸಿ ಇಂಡಾಫ್ ತಳಿಗಳನ್ನ ಕೊಟ್ಟವರು ಲಕ್ಷ್ಮಣಯ್ಯನವರು. ರಾಗಿ ಹೂವು ಎಷ್ಟು ಸಣ್ಣದು ಅಂತ ನೋಡಿದವರಿಗೆ ಆ ಕೆಲಸದ ಕಷ್ಟ ಗೊತ್ತಾಗುತ್ತೆ. 2023ನ್ನ ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಮಾಡಿದಾಗ ನಮ್ಮ ಆಫೀಸ್ ಕ್ಯಾಂಟೀನಿನಲ್ಲೂ ರಾಗಿ ಕುಕ್ಕೀಸ್ ಬಂತು. ಪ್ಯಾಕೆಟ್ ಹಿಂದೆ ಓದಿದೆ. ಮೊದಲ ಹೆಸರು ಮೈದಾ, ಎರಡನೇದು ಸಕ್ಕರೆ, ರಾಗಿ ಎಲ್ಲೋ ಕೊನೆಯಲ್ಲಿ ಅತಿಥಿ ನಟನ ಹಾಗೆ ಬಂದು ಹೋಗಿತ್ತು.

ಸರಿ, ಪಿಜಿ ಬಿಟ್ಟು ಒಂದು ರೂಮ್ ಮಾಡಿ, ಸ್ಟೌ ಕುಕ್ಕರ್ ತಂದೆ. ಮೊದಲ ವಾರ ಮಾಡಿದ ದೊಡ್ಡ ತಪ್ಪು ಹೇಳಿಬಿಡ್ತೀನಿ. ನಾರು ಒಳ್ಳೇದು ಅಂತ ಕೇಳಿದ್ದೇ ಬೆಳಗ್ಗೆ ಮೊಳಕೆ ಹೆಸರುಕಾಳು, ಮಧ್ಯಾಹ್ನ ಹುರುಳಿ, ರಾತ್ರಿ ಕಡ್ಲೆಕಾಳು ಉಸಲಿ ಶುರು ಮಾಡಿದೆ. ಮೂರನೇ ದಿನ ಬೆಳಗಿನ ಸ್ಟ್ಯಾಂಡಪ್ ಮೀಟಿಂಗಿನಲ್ಲಿ ನನ್ನ ಹೊಟ್ಟೆ ಮಾಡಿದ ಸದ್ದಿಗೆ ನಮ್ಮ ಮ್ಯಾನೇಜರ್ "ಸಮ್‌ಬಡಿ ಪ್ಲೀಸ್ ಮ್ಯೂಟ್" ಅಂದರು. ನಾವೆಲ್ಲ ಒಂದೇ ರೂಮಿನಲ್ಲಿ ನಿಂತಿದ್ದೆವು, ಮ್ಯೂಟ್ ಮಾಡೋದು ಹೇಗೆ?

ಯಾಕೆ ಹೀಗಾಯ್ತು ಅಂತ ಓದಿದಾಗ ಅರ್ಥ ಆಗಿದ್ದು ಇಷ್ಟು. ನಾರು ನಮಗೆ ಜೀರ್ಣ ಆಗಲ್ಲ. ಅದು ಹಾಗೇ ದೊಡ್ಡ ಕರುಳಿಗೆ ಇಳಿಯುತ್ತೆ, ಅಲ್ಲಿರೋ ಬ್ಯಾಕ್ಟೀರಿಯಾಗಳಿಗೆ ಅದೇ ಊಟ. ಅವು ಅದನ್ನ ಹುದುಗಿಸಿ ಬ್ಯೂಟಿರೇಟ್ ಥರದ ಸಣ್ಣ ಆಮ್ಲಗಳನ್ನ ಮಾಡ್ತವೆ, ಕರುಳಿನ ಒಳಗೋಡೆಯ ಜೀವಕೋಶಗಳು ಬದುಕೋದೇ ಹೆಚ್ಚಾಗಿ ಅದರ ಮೇಲೆ. ಹುದುಗುವಾಗ ಗ್ಯಾಸ್ ಬರೋದು ಸಹಜ. ವರ್ಷಗಟ್ಟಲೆ ಮೈದಾ, ಬಿಳಿ ಅನ್ನ ಕೊಟ್ಟು ಉಪವಾಸ ಹಾಕಿದ ಹೊಟ್ಟೆಗೆ ಒಂದೇ ಸಲ ಮದುವೆ ಊಟ ಹಾಕಿದರೆ ಗಲಾಟೆ ಆಗದೆ ಇರುತ್ತಾ? ದಿನಕ್ಕೆ ಒಂದೇ ಹೊತ್ತು, ಒಂದು ಹಿಡಿ ಕಾಳಿನಿಂದ ಶುರು ಮಾಡಿ ಮೂರು ನಾಲ್ಕು ವಾರದಲ್ಲಿ ನಿಧಾನಕ್ಕೆ ಏರಿಸಬೇಕು, ನೀರು ಜಾಸ್ತಿ ಕುಡೀಬೇಕು. ಅವ್ವನಿಗೆ ಫೋನಿನಲ್ಲಿ ಹೇಳಿದರೆ ಬಿದ್ದು ಬಿದ್ದು ನಕ್ಕು "ಕಾಳು ಬೇಯ್ಸೋವಾಗ ಬೆಳ್ಳುಳ್ಳಿ, ಜೀರ್ಗೆ ಹಾಕ್ಲಾ. ನೆನೆಸಿದ ನೀರ ಚೆಲ್ದಾ? ಅದನ್ನೂ ಯೋಳ್ಕೊಡ್ಬೇಕಾ ನಿಂಗೆ" ಅಂದಳು. ನೆನೆಸಿದ ನೀರು ಚೆಲ್ಲಿದರೆ ಗ್ಯಾಸ್ ಮಾಡೋ ಸಕ್ಕರೆಗಳಲ್ಲಿ ಒಂದಿಷ್ಟು ಅದರ ಜೊತೆಗೇ ಹೋಗುತ್ತೆ. ಅವ್ವನಿಗೆ ಆ ಸಕ್ಕರೆಗಳ ಹೆಸರು ಗೊತ್ತಿಲ್ಲ, ನನಗೆ ನೀರು ಚೆಲ್ಲೋದು ಗೊತ್ತಿರಲಿಲ್ಲ.

ಈಗ ಅಂಬಲಿ. ಇದನ್ನ ಸಾಕಷ್ಟು ಜನ ಕೇಳಿದ್ದಾರೆ, ಅದಕ್ಕೆ ಸ್ವಲ್ಪ ವಿವರವಾಗಿ. ಮೂರು ಚಮಚ ರಾಗಿ ಹಿಟ್ಟನ್ನ ಅರ್ಧ ಲೋಟ ತಣ್ಣೀರಲ್ಲಿ ಗಂಟಿಲ್ಲದ ಹಾಗೆ ಕಲಸಿ. ಮೂರು ಲೋಟ ನೀರು ಕುದಿಯೋವಾಗ ಅದಕ್ಕೆ ಸುರಿದು ಏಳೆಂಟು ನಿಮಿಷ ಕೈ ಬಿಡದೆ ತಿರುಗಿಸಿ, ಹಸಿ ವಾಸನೆ ಹೋಗಿ ಹೊಳಪು ಬರುತ್ತೆ. ಪೂರ್ತಿ ಆರಬೇಕು. ಆಮೇಲೆ ಮಣ್ಣಿನ ಕುಡಿಕೆಗೆ ಸುರಿದು, ಹಿಂದಿನ ದಿನದ ಅಂಬಲಿ ಇದ್ದರೆ ಒಂದು ಸೌಟು ಸೇರಿಸಿ, ಬಟ್ಟೆ ಕಟ್ಟಿ ರಾತ್ರಿ ಇಡಿ. ಬೆಳಗ್ಗೆ ಸಣ್ಣಗೆ ಹುಳಿ ವಾಸನೆ, ಮೇಲೆ ಒಂದೆರಡು ಗುಳ್ಳೆ ಇರುತ್ತೆ. ನೀರು ಹಾಕಿ ತೆಳ್ಳಗೆ ಮಾಡಿ, ಉಪ್ಪು, ಹೆಚ್ಚಿದ ಸಾಂಬಾರ್ ಈರುಳ್ಳಿ, ಕರಿಬೇವು, ಅರ್ಧ ಹಸಿಮೆಣಸಿನಕಾಯಿ. ಮಜ್ಜಿಗೆ ಹಾಕೋರು ಹಾಕ್ತಾರೆ, ನಾನು ಹಾಲು ಬಿಟ್ಟಿದ್ದರಿಂದ ಹಾಕಲ್ಲ, ಹುಳಿ ಇದ್ದೇ ಇರುತ್ತಲ್ಲ. ಮೊದಲ ಸಲ ಹಳೇ ಅಂಬಲಿ ಇಲ್ಲದಿದ್ದರೆ ಹುಳಿಯೋಕೆ ಇನ್ನೂ ಹೊತ್ತು ಬೇಕು, ಬೆಂಗಳೂರಿನ ಡಿಸೆಂಬರಿನಲ್ಲಂತೂ ಒಂದು ದಿನ ಪೂರ್ತಿ ಹಿಡಿಯುತ್ತೆ. ಬಣ್ಣದ ಬೂಷ್ಟು ಬಂದಿದ್ದರೆ, ಕೆಟ್ಟ ವಾಸನೆ ಇದ್ದರೆ ಯೋಚನೆ ಮಾಡದೆ ಚೆಲ್ಲಿ.

ನಾನು ಮೊದಲು ಉಲ್ಟಾ ಮಾಡ್ತಿದ್ದೆ, ಹಸಿ ಹಿಟ್ಟನ್ನ ರಾತ್ರಿ ಹುಳಿಸಿ ಬೆಳಗ್ಗೆ ಕುದಿಸ್ತಿದ್ದೆ. ಹಾಗೂ ಮಾಡ್ತಾರೆ, ರುಚಿ ಚೆನ್ನಾಗೇ ಇರುತ್ತೆ. ಆದರೆ ಕುದಿಸಿದ ಮೇಲೆ ಒಳ್ಳೆ ಬ್ಯಾಕ್ಟೀರಿಯಾ ಜೀವಂತ ಎಲ್ಲಿ ಉಳೀತವೆ? ಅಜ್ಜಿ ಬೇಯಿಸಿ ಆಮೇಲೆ ಹುಳಿಸ್ತಿದ್ದಳು. ಒಂದು ಸಾಲಿನ ಜಾಗ ಬದಲಾದರೆ ಪ್ರೋಗ್ರಾಂ ಬೇರೆಯೇ ಔಟ್‌ಪುಟ್ ಕೊಡೋ ಹಾಗೆ ಇದೂ.

ಅಂಬಲಿಗಿಂತ ನನ್ನನ್ನ ನಿಜವಾಗಿ ಕಾಪಾಡಿದ್ದು ಉಪ್ಸಾರು. ನಮ್ಮ ಕಡೆಯವರಿಗೆ ಇದನ್ನ ಹೇಳಿಕೊಡೋದು ಮೀನಿಗೆ ಈಜು ಕಲಿಸಿದ ಹಾಗೆ, ಬೇರೆ ಕಡೆಯವರಿಗಾಗಿ ಹೇಳ್ತೀನಿ. ಒಂದು ಲೋಟ ಹುರುಳಿಕಾಳು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಒಂದು ದಿನ ಮೊಳಕೆ ಬರಿಸಿ. ಐದು ಲೋಟ ನೀರಿಟ್ಟು ಕುಕ್ಕರಿನಲ್ಲಿ ಮೂರು ನಾಲ್ಕು ಕೂಗು. ಆಮೇಲೆ ಹೆಚ್ಚಿದ ಸೊಪ್ಪು, ಉಪ್ಪು, ಐದಾರು ಹಸಿಮೆಣಸಿನಕಾಯಿ ಹಾಕಿ ಮುಚ್ಚದೆ ಬೇಯಿಸಿ. ನೀರು ಬಸಿದುಕೊಳ್ಳಿ, ಇದೇ ಕಟ್ಟು. ಬೆಂದ ಮೆಣಸಿನಕಾಯಿ ಆರಿಸಿ ತೆಗೆದು ಎಂಟು ಹತ್ತು ಎಸಳು ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಅರ್ಧ ಚಮಚ ಕಾಳುಮೆಣಸು, ಗೋಲಿ ಗಾತ್ರದ ಹುಣಸೆಹಣ್ಣು, ಉಪ್ಪು ಸೇರಿಸಿ ಅರೆದರೆ ಖಾರ ಆಯ್ತು. ಬಸಿದ ಸೊಪ್ಪು ಕಾಳಿಗೆ ಒಂದು ಚಮಚ ಎಣ್ಣೆಯ ಒಗ್ಗರಣೆ, ಈರುಳ್ಳಿ, ಒಂದು ಹಿಡಿ ಕಾಯಿತುರಿ, ಪಲ್ಯವೂ ಆಯ್ತು. ಬಿಸಿ ಕಟ್ಟನ್ನ ತಟ್ಟೆಗೆ ಸುರಿದು, ಬೆರಳ ತುದಿಯಲ್ಲಿ ಖಾರ ಕದಡಿಕೊಂಡು ಉಣ್ಣೋದು. ಇಡೀ ಅಡುಗೆಗೆ ಎಣ್ಣೆ ಒಂದೇ ಚಮಚ, ಸಕ್ಕರೆ ಸೊನ್ನೆ, ಹಾಲು ಮೊಸರು ಇಲ್ಲ. 'ಪ್ಲಾಂಟ್ ಬೇಸ್ಡ್' ಅಂತ ದೊಡ್ಡ ಹೆಸರಿಟ್ಟು ನಾನು ಹುಡುಕ್ತಿದ್ದಿದ್ದು ನಮ್ಮವ್ವ ವಾರದಲ್ಲಿ ಆರು ದಿನ ಮಾಡೋ ಅಡುಗೆ. ಏಳನೇ ದಿನದ ಬಗ್ಗೆ ಮಂಡ್ಯದವರನ್ನ ಕೇಳಬೇಡಿ, ಅದು ಬೇರೆ ಲೇಖನ :)

ಸೊಪ್ಪಿನಲ್ಲಿ ನನ್ನ ಮತ ಬೆರಕೆ ಸೊಪ್ಪಿಗೆ. ಹೊಲದ ಬದುವಿನಲ್ಲಿ ಸಿಗೋ ಅಣ್ಣೆ, ಹೊನಗೊನೆ, ಗೋಣಿ, ಕೀರೆ ಎಲ್ಲ ಸೇರಿದ್ದು. ಮಳೆ ಬಿದ್ದ ಮೇಲೆ ಅಜ್ಜಿ ಮಡಿಲಿನಲ್ಲಿ ಕಿತ್ತುಕೊಂಡು ಬರ್ತಿದ್ದಳು. ಬೆಂಗಳೂರಿನಲ್ಲಿ ಸಿಗೋದು ಅಪರೂಪ, ನಮ್ಮ ಏರಿಯಾದ ಸಂತೆಯಲ್ಲಿ ಒಬ್ಬ ಅಜ್ಜಿ ಶನಿವಾರ ಮಾತ್ರ ತರ್ತಾರೆ, ಎಂಟು ಗಂಟೆ ಒಳಗೆ ಹೋದರೆ ಉಂಟು. ಇಲ್ಲದಿದ್ದರೆ ದಂಟು, ನುಗ್ಗೆ ಸೊಪ್ಪು. ಬಾಳೆದಿಂಡಿನ ಕೋಸಂಬರಿಯನ್ನೂ ಸೇರಿಸಿಕೊಂಡೆ. ಬಿಲ್ಲೆ ಬಿಲ್ಲೆ ಕುಯ್ಯುವಾಗ ಬರೋ ನೂಲನ್ನ ಬೆರಳಿಗೆ ಸುತ್ತಿಕೊಂಡು ತೆಗೆದು, ಕಪ್ಪಾಗದಂತೆ ನಿಂಬೆ ರಸದ ನೀರಿನಲ್ಲಿ ಹಾಕಿ, ನೆನೆಸಿದ ಹೆಸರುಬೇಳೆ, ಕಾಯಿ, ಉಪ್ಪು. ಟೀ ಮಾತ್ರ ಬಹಳ ಕಾಡಿತು. ಎರಡು ಚಮಚದಿಂದ ಒಂದೂವರೆ, ಒಂದು, ಅರ್ಧ ಅಂತ ವಾರಕ್ಕೊಂದು ಮೆಟ್ಟಿಲು ಇಳಿದು ಕೊನೆಗೆ ಹಾಲು ಸಕ್ಕರೆ ಎರಡೂ ಇಲ್ಲದ ನಿಂಬೆ ಟೀಗೆ ಬಂದು ನಿಂತೆ. ಈಗ ಯಾರಾದರೂ ಮಾಮೂಲಿ ಟೀ ಕೊಟ್ಟರೆ ಪಾಯಸ ಕುಡಿದ ಹಾಗಾಗುತ್ತೆ.

2024ರ ಮಾರ್ಚಿನಲ್ಲಿ ಮತ್ತೆ ಟೆಸ್ಟ್. 5.7. ತೂಕ ಆರು ಕೆಜಿ ಇಳಿದಿತ್ತು (ದಿನಾ ಸಂಜೆಯ ನಡಿಗೆಗೂ ಇದರಲ್ಲಿ ಪಾಲಿದೆ, ಉಪ್ಸಾರಿಗೇ ಪೂರ್ತಿ ಕ್ರೆಡಿಟ್ ಕೊಡೋದು ಸರಿಯಲ್ಲ). ಗ್ಯಾಸಿನ ಮಾತ್ರೆಯನ್ನ ಡಾಕ್ಟರ್ ನಿಧಾನಕ್ಕೆ ನಿಲ್ಲಿಸಿದ್ದರು. ಖುಷಿಗೆ ಊರಿಗೆ ಫೋನ್ ಮಾಡಿ ಅಪ್ಪನ ಹತ್ತಿರ ಜಂಬ ಕೊಚ್ಚಿಕೊಂಡೆ. "ಒಂದು ಮಾತ್ರೆ ಇಲ್ದೆ ಬರೀ ಊಟದಲ್ಲೇ ಇಳಿಸ್ದೆ ಕಣಪ್ಪ" ಅಂದೆ.

ಈ ಒಂದು ವಾಕ್ಯವನ್ನ ವಾಪಸ್ ತಗೊಳ್ಳೋ ಹಾಗಿದ್ದಿದ್ದರೆ.

ಅಪ್ಪ ಮೊದಲಿಂದಲೂ ಎರಡು ವಿಷಯದಲ್ಲಿ ಗಟ್ಟಿ. ಒಂದು, ಮುದ್ದೆ ತಿನ್ನೋನಿಗೆ ಶುಗರ್ ಏನೂ ಮಾಡಲ್ಲ. ಎರಡು, ಬೆಲ್ಲ ಸಕ್ಕರೆ ಅಲ್ಲ. ಯುಗಾದಿಗೆ ಹೋದಾಗ ಮೊದಲನೇದನ್ನ ಅಳೆದೇ ನೋಡಿದೆ. ಅಡುಗೆಮನೆ ತಕ್ಕಡಿಯಲ್ಲಿ ಅಪ್ಪನ ಒಂದು ಮುದ್ದೆ ಹತ್ತಿರ ಹತ್ತಿರ 350 ಗ್ರಾಂ ತೂಗಿತು. ಅದರಲ್ಲಿ ಹಿಟ್ಟು ಸುಮಾರು 120 ಗ್ರಾಂ, ಅಂದರೆ ಪಿಷ್ಟ 80 ಗ್ರಾಂನಷ್ಟು. ಅಪ್ಪ ಉಣ್ಣೋದು ಹೊತ್ತಿಗೆ ಎರಡು. ರಾಗಿಯಲ್ಲಿ 100 ಗ್ರಾಂಗೆ 11 ಗ್ರಾಂ ನಾರಿದೆ, 340 ಮಿಲಿಗ್ರಾಂಗೂ ಮೇಲೆ ಕ್ಯಾಲ್ಸಿಯಂ ಇದೆ, ಬಿಳಿ ಅಕ್ಕಿ ಅದರ ಹತ್ತಿರಕ್ಕೂ ಬರಲ್ಲ, ಎಲ್ಲ ನಿಜ. ಆದರೆ ಪಿಷ್ಟದಲ್ಲಿ ಅಕ್ಕಿಗಿಂತ ಬಹಳ ಕಡಿಮೆ ಏನಿಲ್ಲ, ನುಣ್ಣಗೆ ಬೀಸಿದ ಹಿಟ್ಟಂತೂ ಬೇಗ ಕರಗಿ ಸಕ್ಕರೆ ಏರಿಸುತ್ತೆ. ಸಣ್ಣ ಮುದ್ದೆ, ಅದರ ಎರಡರಷ್ಟು ಸೊಪ್ಪು ಕಾಳು, ಆಗ ಲೆಕ್ಕ ಸರಿ. ಅಜ್ಜಿಯ ಕಾಲದಲ್ಲಿ ಎರಡು ದೊಡ್ಡ ಮುದ್ದೆ ಉಂಡು ಹತ್ತು ಗಂಟೆ ಕಳೆ ಕೀಳ್ತಿದ್ದರು. ಅಪ್ಪ ಈಗ ಗದ್ದೆಗೂ ಟಿವಿಎಸ್‌ನಲ್ಲೇ ಹೋಗೋದು.

ಬೆಲ್ಲದ ವಿಷಯ ಹೇಳೋದು ಇನ್ನೂ ಕಷ್ಟ ಆಯ್ತು. ಅಪ್ಪ ಮೂವತ್ತು ವರ್ಷ ಆಲೆಮನೆ ನಡೆಸಿದ ಮನುಷ್ಯ. ಬಣ್ಣಕ್ಕೆ ಹೈಡ್ರೋಸ್ ಹಾಕಿ ಬೆಳ್ಳಗೆ ಮಾಡಿ ಜಾಸ್ತಿ ರೇಟಿಗೆ ಮಾರೋರ ನಡುವೆ, ಮನೆಗೆ ಅಂತ ಮಾಡೋ ಅಚ್ಚಿಗೆ ಒಂದು ಚಿಟಿಕೆಯೂ ಹಾಕದೆ ಕಪ್ಪು ಬೆಲ್ಲ ಮಾಡ್ತಿದ್ದ. ಕೊಪ್ಪರಿಗೆಯ ಪಾಕ ಬಂತಾ ಅಂತ ನೀರಿಗೆ ಒಂದು ಹನಿ ಬಿಟ್ಟು ಬೆರಳಲ್ಲಿ ಉರುಳಿಸಿ ಹೇಳೋನು, ಥರ್ಮಾಮೀಟರ್ ಇಲ್ಲದೆ. ಅಂಥವನಿಗೆ "ಅಪ್ಪ, ಬೆಲ್ಲದಲ್ಲೂ ಹೆಚ್ಚು ಪಾಲು ಅದೇ ಸುಕ್ರೋಸ್. ಕಬ್ಬಿಣ ಗಿಬ್ಬಿಣ ಸ್ವಲ್ಪ ಇದೆ, ಅದಕ್ಕೋಸ್ಕರ ತಿಂದ್ರೆ ಶುಗರ್ ಮೊದ್ಲು ಏರುತ್ತೆ" ಅಂದೆ. ಅವನು ಬೆಲ್ಲದ ಕಾಫಿ ಲೋಟ ಕೆಳಗಿಟ್ಟ. "ಹಂಗಾರೆ ನಾನ್ ಮೂವತ್ ವರ್ಸ ಇಸ ಬೇಯ್ಸಿದ್ನೇನ್ಲಾ?" ಅಂದ. ನಗ್ತಾನೇ ಅಂದದ್ದು. ನನಗೆ ಉತ್ತರ ಹೊಳೀಲಿಲ್ಲ.

ಅದಾಗಿ ಜೂನ್. ಕೊಯ್ದ ಕಬ್ಬಿನ ಗದ್ದೆಯಲ್ಲಿ ಓಡಾಡುವಾಗ ಕೂಳೆ ಚುಚ್ಚಿತ್ತು, ಕಾಲಿನ ಕಿರುಬೆರಳಿಗೆ. ಅಪ್ಪನಿಗೆ ಗೊತ್ತೇ ಆಗಿರಲಿಲ್ಲ. ವರ್ಷಗಟ್ಟಲೆ ಶುಗರ್ ಇದ್ದರೆ ಪಾದದ ನರಗಳು ಸತ್ತು ನೋವು ತಿಳಿಯಲ್ಲ. ಅವ್ವ ಚಪ್ಪಲಿಯಲ್ಲಿ ಕೀವು ನೋಡಿ ನನಗೆ ಫೋನ್ ಮಾಡಿದಳು. ಆಸ್ಪತ್ರೆಯಲ್ಲಿ ಶುಗರ್ 380 ಇತ್ತು. ಮಾತ್ರೆ ಯಾವುದು ತಗೋತಿದ್ದೀರಿ ಅಂತ ಡಾಕ್ಟರ್ ಕೇಳಿದರೆ ಅಪ್ಪ ನನ್ನ ಮುಖ ನೋಡಿದ.

"ಬುಟ್ಬುಟ್ಟೆ ಕಣ್ಲಾ. ಎರಡ್ ತಿಂಗ್ಳಾಯ್ತು. ಊಟ್ದಲ್ಲೇ ಇಳೀತದೆ ಅಂತ ನೀನೇ ಯೋಳಿದ್ದಲ್ಲ."

ನನ್ನದು ಗಡಿಯಲ್ಲಿದ್ದ ಶುಗರ್, ಅಪ್ಪನದು ಹತ್ತು ವರ್ಷ ಆಗುತ್ತಾ ಬಂದಿದ್ದ ಕಾಯಿಲೆ. ಎರಡಕ್ಕೂ ಒಂದೇ ಮದ್ದು ಅಲ್ಲ ಅಂತ ನನಗೆ ಗೊತ್ತಿತ್ತು. ಹೇಳಿರಲಿಲ್ಲ. ಜಂಬದಲ್ಲಿ ಅರ್ಧ ಮಾತ್ರ ಹೇಳಿದ್ದೆ. ಅಪ್ಪ ಮುದ್ದೆ ಸಣ್ಣದು ಮಾಡಿದ್ದ, ಬೆಲ್ಲದ ಕಾಫಿಯನ್ನೂ ಅರ್ಧಕ್ಕಿಳಿಸಿದ್ದನಂತೆ, ನನ್ನನ್ನ ಮೆಚ್ಚಿಸೋಕೆ. ಮುಂದಿನ ಸಲ ಟೆಸ್ಟ್ ಮಾಡಿಸಿ ನನಗೆ ನಂಬರ್ ಹೇಳಬೇಕು ಅಂತ ಇದ್ದನಂತೆ. ಇದನ್ನ ಅವ್ವ ಆಸ್ಪತ್ರೆ ಕಾರಿಡಾರಿನಲ್ಲಿ ಹೇಳಿದಳು. ಹನ್ನೊಂದು ದಿನ ಅಲ್ಲಿದ್ದೆವು. ಕಿರುಬೆರಳು ಉಳೀಲಿಲ್ಲ. ಕಾಲು ಉಳೀತು.

ಈಗ ಬೆಳಗ್ಗೆ ರಾತ್ರಿ ಮಾತ್ರೆ ಕೊಡೋದು ಅವ್ವನ ಕೆಲಸ, ದಿನಾ ಸಂಜೆ ಅಪ್ಪನ ಪಾದದ ಫೋಟೋ ವಾಟ್ಸಾಪಿನಲ್ಲಿ ನನಗೆ ಕಳಿಸೋದು ತಂಗಿಯ ಕೆಲಸ. ಆಫೀಸಿನ ಮೀಟಿಂಗಿನ ನಡುವೆ ಒಂದು ಪಾದದ ಚಿತ್ರ ಬಂದು ಬೀಳುತ್ತೆ, ಅಂಗಾಲು ಒಂದು, ಬೆರಳ ಸಂದಿ ಒಂದು. ಊಟ ಬದಲಾಗಿದ್ದು ಹಾಗೇ ಇದೆ, ಡಾಕ್ಟರ್ ಕೂಡ ಅದನ್ನ ಮುಂದುವರಿಸಿ ಅಂದರು, ಮಾತ್ರೆಯ ಜೊತೆಗೆ. ಮಾತ್ರೆ ಡೋಸ್ ಹೆಚ್ಚು ಕಡಿಮೆ ಮಾಡೋದು ಅವರೇ, ನಾನೂ ಅಲ್ಲ, ಅಪ್ಪನೂ ಅಲ್ಲ. ನೀವು ಈ ಅಂಬಲಿ ಉಪ್ಸಾರನ್ನ ಮನೆಯಲ್ಲಿ ಶುಗರ್ ಇರೋ ದೊಡ್ಡವರಿಗೆ ಹೇಳೋದಾದರೆ ದಯವಿಟ್ಟು ಈ ಪ್ಯಾರಾವನ್ನೂ ಸೇರಿಸಿಯೇ ಹೇಳಿ.

ಕಬ್ಬಿನ ಗದ್ದೆಯ ಮೇಲಿನ ಮಗ್ಗುಲಲ್ಲಿ ನಾಲೆ ನೀರು ಸರಿಯಾಗಿ ಹತ್ತದ ಒಂದು ತುಂಡು ಜಮೀನಿದೆ. ಕಳೆದ ಮಳೆಗಾಲ ಮುಗಿಯೋ ಹೊತ್ತಿಗೆ ಅಪ್ಪ ಯಾರನ್ನೂ ಕೇಳದೆ ಅಲ್ಲಿ ಹುರುಳಿ ಚೆಲ್ಲಿಸಿದ್ದ. ಈ ಸಲ ಸಂಕ್ರಾಂತಿಗೆ ಹೋದಾಗ ಜಗಲಿಯ ಮೇಲೆ ಮೊರದಲ್ಲಿ ಹೊಸ ಹುರುಳಿ ಹಾಕ್ಕೊಂಡು ಕಲ್ಲು ಆರಿಸ್ತಾ ಕೂತಿದ್ದ. ಪಕ್ಕದ ಮನೆ ಹುಡುಗಿ ಎಳ್ಳು ಬೆಲ್ಲ ತಂದು ಕೊಟ್ಟಳು. ಅಪ್ಪ ತಟ್ಟೆಯಲ್ಲಿ ಸುರಿದುಕೊಂಡು ಎಳ್ಳು, ಕಡ್ಲೆಬೀಜ, ಕೊಬ್ಬರಿ ಒಂದೊಂದೇ ಬಾಯಿಗೆ ಹಾಕಿಕೊಂಡ. ಬೆಲ್ಲದ ಚೂರುಗಳನ್ನೆಲ್ಲ ಬೆರಳಲ್ಲಿ ಒಂದು ಕಡೆ ತಳ್ಳಿ, ಒಂದನ್ನ ಎತ್ತಿ ಬೆಳಕಿಗೆ ಹಿಡಿದು "ಪಾಕ ಒಂದೀಟು ಮುಂದೋಗದೆ" ಅಂದ. ಆಮೇಲೆ ತಟ್ಟೆ ನನ್ನ ಕಡೆ ನೂಕಿದ.

"ನಂಗೂ ಬ್ಯಾಡ ಕಣಪ್ಪ" ಅಂದೆ.

ಇಬ್ಬರೂ ಆ ಚೂರುಗಳನ್ನ ನೋಡ್ತಾ ಕೂತಿದ್ದೆವು. ಒಳಗಿಂದ ಬಂದ ಅವ್ವ "ಹಬ್ಬುದ್ ದಿನ ಬೆಲ್ಲ ಮಿಕ್ಕುಸ್ತಾರೇನ್ರಿ" ಅಂತ ಅಷ್ಟನ್ನೂ ಗೋರಿ ಬಾಯಿಗೆ ಹಾಕಿಕೊಂಡಳು.

"ನೀನ್ ಟೆಸ್ಟ್ ಮಾಡ್ಸಿದ್ದೀಯೇನವ್ವ?" ಅಂದೆ.

"ಸುಮ್ಕಿರ್ಲಾ ಕಂಡಿವ್ನಿ" ಅಂದು ಮೊರ ಎತ್ತಿಕೊಂಡು ಒಳಗೆ ಹೋದಳು.